ಊರಿಗೆ ಹೋದಾಗ ಅಪ್ಪನ ಫೋನಿಗೆ ಎರಡು ಗಂಟೆ ಕೊಡಿ

ಕಳೆದ ಸಲ ಅರಸೀಕೆರೆ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪ ಫೋನ್ ಹಿಡಿದುಕೊಂಡು ಜಗಲಿಗೆ ಬಂದರು. "ನೋಡೋ ಇದು, ಲಗ್ನಪತ್ರಿಕೆ ತೆಗೆಯೋಕೇ ಆಗ್ತಿಲ್ಲ. ಏನೇನೋ ಪರ್ಮಿಷನ್ ಕೇಳುತ್ತೆ." ಕಳಿಸಿದವರು ತೆಂಗಿನಕಾಯಿ ವ್ಯಾಪಾರದಲ್ಲಿ ಮೂವತ್ತು ವರ್ಷದ ಪರಿಚಯದವರು. ಅವರ ಮನೆಯಲ್ಲಿ ಮದುವೆಗೆ ಬಂದ ಮಗಳೂ ಇದ್ದಾಳೆ. ಅನುಮಾನ ಬರುವುದಾದರೂ ಹೇಗೆ?

ಫೈಲಿನ ಹೆಸರಿನ ಕೊನೆ ನೋಡಿದೆ. ಎಪಿಕೆ ಅಂತಿತ್ತು. ಪತ್ರಿಕೆಯಾಗಿದ್ದರೆ ಪಿಡಿಎಫ್ ಇರಬೇಕು, ಫೋಟೊ ಇರಬೇಕು, ಇಲ್ಲ ವಿಡಿಯೊ ಇರಬೇಕು. ಎಪಿಕೆ ಅಂದರೆ ಅದು ಆಪ್. ಆ ಆಪ್ ಅಪ್ಪನ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತಿತ್ತು. ಒಂದು ಒತ್ತು ಬಾಕಿ ಇತ್ತು ಅಷ್ಟೆ. ಆಮೇಲೆ ಫೋನ್ ಮಾಡಿದರೆ ಆ ಪರಿಚಯದವರಿಗೆ ಏನೂ ಗೊತ್ತಿಲ್ಲ. ಅವರ ವಾಟ್ಸಾಪ್ ಎರಡು ದಿನದ ಹಿಂದೆಯೇ ಬೇರೆಯವರ ಕೈ ಸೇರಿತ್ತು. ಅವರ ಮಗಳ ಮದುವೆಗೆ ಊರಿನವರಿಗೆಲ್ಲ ಕರೆ ಹೋಗಿತ್ತು, ಹುಡುಗನನ್ನು ಮಾತ್ರ ಇನ್ನೂ ಯಾರೂ ನೋಡಿರಲಿಲ್ಲ.

ಅವತ್ತು ಸಂಜೆ ಅಪ್ಪ, ಅಮ್ಮ, ನಾನು ಕೂತು ಇಬ್ಬರ ಫೋನನ್ನೂ ಒಂದು ಹದಕ್ಕೆ ತಂದೆವು. ಎರಡು ಗಂಟೆ ಹಿಡಿಯಿತು. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಇಬ್ಬರದೂ ಆಂಡ್ರಾಯ್ಡ್. ಸೆಟ್ಟಿಂಗ್ಸ್ ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಕಡೆ ಇರುತ್ತದೆ. ಹುಡುಕಿ ಸುಸ್ತಾಗಬೇಡಿ, ಸೆಟ್ಟಿಂಗ್ಸ್ ಮೇಲ್ಗಡೆಯ ಹುಡುಕುವ ಪಟ್ಟಿಯಲ್ಲಿ ಹೆಸರು ಟೈಪ್ ಮಾಡಿದರೆ ಸಿಗುತ್ತದೆ.

ಮೊದಲು, ಫೋನ್ ಕಿತ್ತುಕೊಳ್ಳಬೇಡಿ

ಫೋನ್ ಅವರ ಕೈಯಲ್ಲೇ ಇರಲಿ. ನೀವು ಪಕ್ಕದಲ್ಲಿ ಕೂತು ತೋರಿಸಿ, ಒತ್ತುವುದು ಅವರೇ ಒತ್ತಲಿ. ನಿಧಾನ ಆಗುತ್ತದೆ, ಆಗಲಿ.

ಇನ್ನೊಂದು ಮಾತು. ಏನು ಕಂಡರೂ ಬೈಯಬೇಡಿ. ನಮ್ಮಮ್ಮನ ಫೋನಿನಲ್ಲಿ 'ಎಟಿಎಂ ಸುಬ್ಬಣ್ಣ' ಅಂತ ಒಂದು ನಂಬರ್ ಸೇವ್ ಆಗಿತ್ತು. ಆ ಹೆಸರಿನವರು ನಮಗೆ ಯಾರೂ ಇಲ್ಲ. ನಂಬರಿನ ಕೊನೆಯ ನಾಲ್ಕು ಅಂಕಿ ಅಮ್ಮನ ಎಟಿಎಂ ಪಿನ್! ನಗು ತಡೆಯಲಾಗಲಿಲ್ಲ, ಅಮ್ಮನೂ ನಕ್ಕಳು, ಪಿನ್ ಬದಲಾಯಿಸಿದೆವು. ಅಲ್ಲಿ ರೇಗಿದ್ದರೆ ಅವಳು ಮಿಕ್ಕಿದ್ದು ಯಾವುದನ್ನೂ ತೋರಿಸುತ್ತಿರಲಿಲ್ಲ. ದುಡ್ಡು ಕಳೆದುಕೊಂಡ ಎಷ್ಟೋ ಹಿರಿಯರು ಮೊದಲು ಮುಚ್ಚಿಡುವುದು ಮಕ್ಕಳಿಂದಲೇ. ಹಾಗೆ ಮುಚ್ಚಿಟ್ಟ ಒಂದು ರಾತ್ರಿಯಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ.

ಹೊರಗಿನ ಆಪ್‌ಗೆ ಬಾಗಿಲು ಹಾಕಿ

ಮದುವೆ ಪತ್ರಿಕೆ ಒಂದು ವೇಷ. ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಕಂತು, ಕೆವೈಸಿ, ಕರೆಂಟ್ ಬಿಲ್, ಹೀಗೆ ವೇಷ ಬದಲಾಗುತ್ತಿರುತ್ತದೆ. ನಮ್ಮ ರಾಜ್ಯದಲ್ಲಿ ಸಂಚಾರ ದಂಡಕ್ಕೆ ಶೇ. 50 ರಿಯಾಯಿತಿ ಬಿಟ್ಟಾಗ, 2023ರಲ್ಲಿ, 2025ರಲ್ಲಿ ಮತ್ತೆ, ಜನ ಸಾಲುಗಟ್ಟಿ ಕಟ್ಟಿದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ 'ನಿಮ್ಮ ಗಾಡಿ ಮೇಲೆ ದಂಡ ಇದೆ' ಅಂತ ಫೈಲ್ ಬಂದರೆ ಯಾರು ತಾನೇ ತೆಗೆಯುವುದಿಲ್ಲ?

ಒಳಗೆ ಬಂದ ಆಪ್ ಮಾಡುವುದು ಇಷ್ಟು. ಬರುವ ಎಸ್ಸೆಮ್ಮೆಸ್‌ಗಳನ್ನು ಓದಿ ಒಟಿಪಿಯನ್ನು ಕಳ್ಳನಿಗೆ ದಾಟಿಸುತ್ತದೆ. ಕೆಲವು ತಮ್ಮ ಐಕಾನ್ ಅನ್ನೇ ಮರೆ ಮಾಡಿಕೊಳ್ಳುತ್ತವೆ. ಕೆಲವು ಫೋನಿನಲ್ಲಿರುವ ಎಲ್ಲರಿಗೂ ಅದೇ ಪತ್ರಿಕೆ ಹಂಚುತ್ತವೆ. ಒಟಿಪಿ ಯಾರಿಗೂ ಹೇಳಬೇಡಿ ಅಂತ ನಾವು ವರ್ಷಗಟ್ಟಲೆ ಹೇಳಿಕೊಟ್ಟೆವು. ಈಗ ಹೇಳುವ ಅಗತ್ಯವೇ ಇಲ್ಲ, ಅದೇ ಓದಿಕೊಳ್ಳುತ್ತದೆ.

ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆಪ್ಸ್' ಹುಡುಕಿ. ವಾಟ್ಸಾಪ್, ಕ್ರೋಮ್, ಫೈಲ್ಸ್, ಟೆಲಿಗ್ರಾಂ, ಯಾವುದೆಲ್ಲ ಅಲ್ಲಿ ಕಾಣುತ್ತದೋ ಎಲ್ಲವನ್ನೂ ಆಫ್ ಮಾಡಿ. ಹಿರಿಯರಿಗೆ ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆಪ್ ಹಾಕುವ ಕೆಲಸವೇ ಇಲ್ಲ. ಪ್ಲೇ ಸ್ಟೋರ್ ತೆರೆದು, ಮೂಲೆಯ ಫೋಟೊ ಒತ್ತಿ, ಪ್ಲೇ ಪ್ರೊಟೆಕ್ಟ್‌ಗೆ ಹೋಗಿ ಒಂದು ಸ್ಕ್ಯಾನ್ ಮಾಡಿ.

ಆಮೇಲೆ 'ಪರ್ಮಿಷನ್ ಮ್ಯಾನೇಜರ್' ಒಳಗೆ ಎಸ್ಸೆಮ್ಮೆಸ್ ಅನುಮತಿ ಯಾರಿಗೆಲ್ಲ ಸಿಕ್ಕಿದೆ ನೋಡಿ. ಮೆಸೇಜ್ ಆಪ್‌ಗೆ, ಬ್ಯಾಂಕ್ ಮತ್ತು ಯುಪಿಐ ಆಪ್‌ಗೆ ಇದ್ದರೆ ಸರಿ. ಟಾರ್ಚ್ ಆಪ್‌ಗೆ, ಪಂಚಾಂಗದ ಆಪ್‌ಗೆ ಯಾಕೆ? ತೆಗೆದುಹಾಕಿ. 'ಆಕ್ಸೆಸಿಬಿಲಿಟಿ' ಅನ್ನುವ ಕಡೆಯೂ ಕಣ್ಣಾಡಿಸಿ. ಅದು ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಅನುಕೂಲವಾಗಲೆಂದು ಮಾಡಿರುವುದು. ಆದರೆ ಅದರ ಅನುಮತಿ ಸಿಕ್ಕ ಆಪ್ ಪರದೆಯನ್ನು ಓದಬಲ್ಲದು, ನಮ್ಮ ಪರವಾಗಿ ಬಟನ್ ಒತ್ತಲೂ ಬಲ್ಲದು. ನಿಮಗೆ ಗುರುತಿಲ್ಲದ ಹೆಸರು ಅಲ್ಲಿದ್ದರೆ ಒಳ್ಳೆಯ ಲಕ್ಷಣ ಅಲ್ಲ.

ಅಂಥದ್ದು ಸಿಕ್ಕಿತು ಅಂದುಕೊಳ್ಳಿ. ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ನಿಲ್ಲಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆಯ ಆನ್‌ಲೈನ್ ವ್ಯವಹಾರ ತಡೆಯಿರಿ. ಆಪ್ ಕಿತ್ತುಹಾಕುವುದು ಅದಾದ ಮೇಲಿನ ಕೆಲಸ. ಹೋಗದೆ ಹಟ ಮಾಡಿದರೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದೇ ಮೇಲು. ಮೊಮ್ಮಕ್ಕಳ ಫೋಟೊ ಮೊದಲು ಬೇರೆ ಕಡೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಬೇರೆಯೇ ಜಗಳ ಶುರುವಾಗುತ್ತದೆ.

ವಾಟ್ಸಾಪ್, ಐದು ನಿಮಿಷ

'ಟೂ ಸ್ಟೆಪ್ ವೆರಿಫಿಕೇಷನ್' ಆನ್ ಮಾಡಿ ಆರು ಅಂಕಿಯ ಪಿನ್ ಹಾಕಿ. ಹುಟ್ಟಿದ ದಿನಾಂಕ ಬೇಡ. 'ಲಿಂಕ್ಡ್ ಡಿವೈಸಸ್' ನೋಡಿ, ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಹೊರಗೆ ಹಾಕಿ. ಈಚೆಗೆ ಕಳ್ಳರು ಫೋಟೊ ತೋರಿಸುವ ನೆಪದಲ್ಲಿ ಜೋಡಣೆಯ ಕೋಡ್ ಹಾಕಿಸಿಕೊಂಡು, ತಮ್ಮ ಕಂಪ್ಯೂಟರನ್ನೇ ನಿಮ್ಮ ವಾಟ್ಸಾಪ್‌ಗೆ ಕಟ್ಟಿಕೊಳ್ಳುತ್ತಿದ್ದಾರೆ. ಪಾಸ್‌ವರ್ಡೂ ಬೇಡ, ಸಿಮ್ಮೂ ಬೇಡ. ಗೊತ್ತಿಲ್ಲದವರ ಕರೆಯನ್ನು ಸದ್ದಿಲ್ಲದಂತೆ ಮಾಡುವ ಆಯ್ಕೆಯೂ ಪ್ರೈವಸಿಯಲ್ಲಿದೆ, ಹಾಕಿಬಿಡಿ. ಗುಂಪಿಗೆ ಯಾರು ಸೇರಿಸಬಹುದು ಅನ್ನುವಲ್ಲಿ 'ನನ್ನ ಸಂಪರ್ಕಗಳು' ಇರಲಿ. ಷೇರು ಮಾರುಕಟ್ಟೆಯ ಗುಂಪುಗಳಿಗೆ ಅಪ್ಪ ತಾವಾಗಿ ಸೇರಿರಲಿಲ್ಲ, ಯಾರೋ ಸೇರಿಸಿದ್ದರು. ಅಂಥವು ಮೂರಿದ್ದವು!

ಸಿಮ್ ಮತ್ತು ಕರೆ

ಕೊರಿಯರ್‌ನವನ ಹೆಸರಿನಲ್ಲಿ ಫೋನ್ ಮಾಡಿ "ಈ ಕೋಡ್ ಒತ್ತಿ, ಡೆಲಿವರಿ ಹುಡುಗ ಸಿಗುತ್ತಾನೆ" ಅನ್ನುವ ಆಟವಿದೆ. 21 ಇಲ್ಲವೇ 401 ಇರುವ ಕೋಡ್ ಒತ್ತಿಸಿ, ನಿಮಗೆ ಬರುವ ಕರೆಗಳನ್ನು ತಮ್ಮ ನಂಬರಿಗೆ ತಿರುಗಿಸಿಕೊಳ್ಳುವ ಆಟ ಅದು. ಕರೆಯಲ್ಲಿ ಬರುವ ಒಟಿಪಿ ಆಮೇಲೆ ಅವರಿಗೇ. ಕಾಲ್ ಸೆಟ್ಟಿಂಗ್ಸ್‌ನಲ್ಲಿ 'ಕಾಲ್ ಫಾರ್ವರ್ಡಿಂಗ್' ನೋಡಿ, ನಿಮಗೆ ಗೊತ್ತಿಲ್ಲದ ನಂಬರ್ ಇದ್ದರೆ ತೆಗೆಯಿರಿ. ##002# ಒತ್ತಿದರೆ ಎಲ್ಲ ತಿರುವೂ ಒಟ್ಟಿಗೆ ರದ್ದಾಗುತ್ತದೆ.

ಕೇಂದ್ರ ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' 2023ರ ಮೇನಲ್ಲಿ ಬಂತು. ಅದರಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಒಟಿಪಿ ಹಾಕಿ ನೋಡಬಹುದು. ಒಬ್ಬರಿಗೆ ಹೆಚ್ಚೆಂದರೆ ಒಂಬತ್ತು. ನಿಮ್ಮದಲ್ಲದ ನಂಬರ್ ಕಂಡರೆ 'ನನ್ನದಲ್ಲ' ಅಂತ ಗುರುತು ಮಾಡಿ. ಫೋನ್ ಕಳೆದರೆ ಅದನ್ನು ಬ್ಲಾಕ್ ಮಾಡಿಸುವುದೂ ಅಲ್ಲೇ. ಅನುಮಾನದ ಕರೆ, ಮೆಸೇಜ್ ಬಂದಿದೆ ಆದರೆ ದುಡ್ಡು ಹೋಗಿಲ್ಲ ಅಂದರೆ ಅದನ್ನು ಅಲ್ಲಿನ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು. ದುಡ್ಡು ಹೋಗಿದ್ದರೆ ಚಕ್ಷು ಅಲ್ಲ, ಸೈಬರ್ ವಂಚನೆಯ ಸಹಾಯವಾಣಿ 1930. ಅದರ ಮಾತು ಕೊನೆಗೆ.

ದುಡ್ಡನ್ನು ಎರಡು ಕಡೆ ಇಡಿ

ಎರಡು ಗಂಟೆಯಲ್ಲಿ ಒಂದೇ ಕೆಲಸಕ್ಕೆ ಸಮಯ ಇದೆ ಅಂದರೆ ನಾನು ಇದನ್ನೇ ಮಾಡು ಅನ್ನುತ್ತೇನೆ. ಯಾಕೆಂದರೆ ಎಷ್ಟೇ ಹೇಳಿಕೊಟ್ಟರೂ ಒಂದು ದಿನ ಕೈ ಜಾರುತ್ತದೆ. ಅವರದೂ ಜಾರುತ್ತದೆ, ನನ್ನದೂ ಜಾರುತ್ತದೆ. ಜಾರಿದ ದಿನ ಎಷ್ಟು ಹೋಗಬಹುದು ಅನ್ನುವುದನ್ನು ಮಾತ್ರ ಮೊದಲೇ ತೀರ್ಮಾನ ಮಾಡಿಟ್ಟುಕೊಳ್ಳಬಹುದು.

ಅಪ್ಪನ ಪಿಂಚಣಿ, ಎಫ್‌ಡಿ, ತೋಟದ ದುಡ್ಡು ಎಲ್ಲ ಒಂದೇ ಖಾತೆಯಲ್ಲಿತ್ತು. ಅದೇ ಖಾತೆಗೆ ಯುಪಿಐ. ಹಾಲಿನವನಿಗೆ ನಲವತ್ತು ರೂಪಾಯಿ ಹಾಕುವ ಬಾಗಿಲಿನ ಹಿಂದೆಯೇ ಜೀವಮಾನದ ಉಳಿತಾಯ. ಈಗ ಬೇರೆ ಬ್ಯಾಂಕಿನಲ್ಲಿ ಒಂದು ಸಣ್ಣ ಖಾತೆ ಮಾಡಿಸಿದ್ದೇವೆ. ಯುಪಿಐ ಅದಕ್ಕೆ ಮಾತ್ರ. ತಿಂಗಳಿಗೆ ಹತ್ತು ಸಾವಿರ ಅದಕ್ಕೆ ಬರುತ್ತದೆ, ಮುಗಿದರೆ ಮತ್ತೆ ಹಾಕಿಕೊಂಡರಾಯಿತು.

ದೊಡ್ಡ ಖಾತೆಯ ಮೊಬೈಲ್ ನಂಬರನ್ನು ಅಮ್ಮನ ಹಳೆಯ ಕೀಪ್ಯಾಡ್ ಫೋನಿನಲ್ಲಿರುವ ಸಿಮ್ಮಿಗೆ ಬದಲಾಯಿಸಿದೆವು. ಬ್ಯಾಂಕಿಗೆ ಹೋಗಿ ಫಾರಂ ತುಂಬಬೇಕು, ಅರ್ಧ ದಿನ ಹೋಗುತ್ತದೆ, ನಿಜ. ಆದರೆ ಒಟಿಪಿ ಕೀಪ್ಯಾಡ್ ಫೋನಿಗೆ ಬಂದರೆ ಸ್ಮಾರ್ಟ್‌ಫೋನಿನೊಳಗೆ ಯಾವ ಪತ್ರಿಕೆ ಬಂದು ಕೂತರೂ ಅದನ್ನು ಓದಲಾಗುವುದಿಲ್ಲ. ಒಂದೇ ಎಚ್ಚರ. ಆ ಸಿಮ್ಮಿಗೆ ರೀಚಾರ್ಜ್ ತಪ್ಪಬಾರದು. ಬಳಕೆ ಇಲ್ಲದೆ ನಂಬರ್ ರದ್ದಾದರೆ ಮುಂದೊಂದು ದಿನ ಅದು ಬೇರೆ ಯಾರಿಗೋ ಹೋಗುತ್ತದೆ.

ಬ್ಯಾಂಕಿನಲ್ಲಿ ಇದ್ದಾಗಲೇ ಇನ್ನೂ ಎರಡು ಕೇಳಿ. ನೆಟ್‌ಬ್ಯಾಂಕಿಂಗ್ ಬಳಸದಿದ್ದರೆ ನಿಲ್ಲಿಸಲು ಹೇಳಿ. ಎಫ್‌ಡಿಯನ್ನು ಆನ್‌ಲೈನಿನಲ್ಲಿ ಮುರಿಯಲು ಆಗದಂತೆ ಮಾಡಲು ಸಾಧ್ಯವೇ ಅಂತ ವಿಚಾರಿಸಿ. ಕಳ್ಳರು ಖಾತೆಯಲ್ಲಿ ಇದ್ದದ್ದನ್ನಷ್ಟೇ ಒಯ್ಯುವುದಿಲ್ಲ, ಎಫ್‌ಡಿ ಮುರಿಸುತ್ತಾರೆ, ಸಾಲ ಕೂಡ ಎತ್ತಿಸುತ್ತಾರೆ. ಎಟಿಎಂ ಕಾರ್ಡಿನ ವಿದೇಶಿ ಬಳಕೆ, ಆನ್‌ಲೈನ್ ಬಳಕೆ, ತಾಗಿಸಿ ಕೊಡುವ ಬಳಕೆ ಇವನ್ನು ಬೇಕೆಂದಾಗ ಆನ್-ಆಫ್ ಮಾಡುವ ಸೌಲಭ್ಯ ರಿಸರ್ವ್ ಬ್ಯಾಂಕಿನ ಆದೇಶದಿಂದ 2020ರಿಂದಲೇ ಇದೆ. ಬೇಡದ್ದನ್ನೆಲ್ಲ ಆಫ್ ಇಡಿ.

ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕುವ ಅಭ್ಯಾಸ ಬಿಡಿಸಿ. ಪಾಸ್‌ಬುಕ್ಕಿನಲ್ಲಿದೆ, ಕಾರ್ಡಿನ ಹಿಂಭಾಗದಲ್ಲಿದೆ, ಅಲ್ಲಿಂದ ಫೋನಿಗೆ ಸೇವ್ ಮಾಡಿ. ಬ್ಯಾಂಕಿನ ವೆಬ್‌ಸೈಟ್ ನೋಡಲೇಬೇಕೆಂದರೆ ವಿಳಾಸದ ಕೊನೆಯಲ್ಲಿ 'ಡಾಟ್ ಬ್ಯಾಂಕ್ ಡಾಟ್ ಇನ್' ಇದೆಯೇ ನೋಡಿ. 2025ರ ಅಕ್ಟೋಬರ್ ಮುಗಿಯುವಷ್ಟರಲ್ಲಿ ಎಲ್ಲ ಬ್ಯಾಂಕುಗಳೂ ಈ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಸಿಕ್ಕಸಿಕ್ಕವರಿಗೆ ಈ ವಿಳಾಸ ಕೊಡುವುದಿಲ್ಲ.

ಯುಪಿಐ ಬಗ್ಗೆ ಒಂದೇ ಪಾಠ ಸಾಕು: ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವುದಕ್ಕೆ ಪಿನ್ ಬೇಡ. ಅಪರಿಚಿತರು 'ಹಣ ಕೊಡಿ' ಎಂಬ ಕೋರಿಕೆ ಕಳಿಸಿ ಪಿನ್ ಹಾಕಿಸುವ ಮೋಸ ಜಾಸ್ತಿಯಾಗಿತ್ತು. 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹಾಗೆ ಕೋರಿಕೆ ಕಳಿಸುವ ಸೌಲಭ್ಯವನ್ನೇ ನಿಲ್ಲಿಸಿದ್ದಾರೆ. ಕ್ಯೂಆರ್ ಸ್ಕ್ಯಾನ್ ಮಾಡಿಸುವ ಆಟ ಇನ್ನೂ ಇದೆ. ಹಳೆಯ ಸೋಫಾ ಮಾರಲು ಹಾಕಿದವರಿಗೆ "ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಅನ್ನುತ್ತಾರಲ್ಲ, ಅದೇ.

ಬೆರಳಿಗೂ ಬೀಗ

ಆಧಾರ್ ನಂಬರ್, ಬೆರಳಚ್ಚು ಎರಡಿದ್ದರೆ ಬ್ಯಾಂಕ್ ಮಿತ್ರರ ಸಣ್ಣ ಯಂತ್ರದಲ್ಲಿ ದುಡ್ಡು ತೆಗೆಯಬಹುದು, ಒಟಿಪಿ ಬೇಡ. ಹಳ್ಳಿಗೆ ಇದು ದೊಡ್ಡ ಅನುಕೂಲ. ಆದರೆ 2023ರಲ್ಲಿ ಬೆಂಗಳೂರಿನ ಕಡೆ, ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಹೀಗೇ ದುಡ್ಡು ಹೋದ ದೂರುಗಳು ಬಂದವು. ನೋಂದಣಿ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿದ್ದಾರೆ ಎಂಬ ಅನುಮಾನದ ಮೇಲೆ ತನಿಖೆಯಾಯಿತು. ಪಿನ್ ಆದರೆ ಬದಲಾಯಿಸಬಹುದು, ಹೆಬ್ಬೆಟ್ಟನ್ನು ಬದಲಾಯಿಸಲು ಆಗುತ್ತದಾ?

ಆಧಾರ್ ವೆಬ್‌ಸೈಟ್‌ನಲ್ಲಿ ಇಲ್ಲವೇ ಆಪ್‌ನಲ್ಲಿ 'ಬಯೊಮೆಟ್ರಿಕ್ ಲಾಕ್' ಇದೆ, ಹಾಕಿ. ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೂ ತೆಗೆದುಕೊಳ್ಳುವುದಿಲ್ಲ. ಅಮ್ಮ ಸಾಲಿನಲ್ಲಿ ನಿಂತು ಬರಿಗೈಲಿ ವಾಪಸ್ ಬಂದು ನನಗೆ ಮಂಗಳಾರತಿ ಮಾಡಿದ್ದಾಳೆ. ರೇಷನ್ ತರುವ ದಿನ ಆಪ್‌ನಲ್ಲಿ ಕೆಲ ನಿಮಿಷಕ್ಕೆ ಬೀಗ ತೆಗೆಯಬೇಕು, ತಾನೇ ಮತ್ತೆ ಹಾಕಿಕೊಳ್ಳುತ್ತದೆ. ಇದನ್ನು ಅವರಿಗೆ ಹೇಳಿಯೇ ಬೀಗ ಹಾಕಿ.

ಸೆಟ್ಟಿಂಗ್ಸ್‌ನಲ್ಲಿ ಸಿಗದ ಕೆಲಸ

ಇಲ್ಲಿಯವರೆಗಿನದು ಬಟನ್ ಒತ್ತುವ ಕೆಲಸ. 'ಡಿಜಿಟಲ್ ಅರೆಸ್ಟ್'ಗೆ ಬಟನ್ ಇಲ್ಲ. ಅಲ್ಲಿ ಕಳ್ಳ ಫೋನಿನೊಳಗೆ ಬರುವುದೇ ಇಲ್ಲ, ಮನಸ್ಸಿನೊಳಗೆ ಬಂದು ಕೂರುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಅಂತಲೋ, ನಿಮ್ಮ ಸಿಮ್ ಅಪರಾಧಕ್ಕೆ ಬಳಕೆಯಾಗಿದೆ ಅಂತಲೋ ಶುರು. ಆಮೇಲೆ ವಿಡಿಯೊ ಕರೆಯಲ್ಲಿ ಸಮವಸ್ತ್ರ, ಹಿಂದೆ ಠಾಣೆಯ ಗೋಡೆ. ಕ್ಯಾಮೆರಾ ಆಫ್ ಮಾಡಬಾರದು, ಯಾರಿಗೂ ಹೇಳಬಾರದು. ಕೊನೆಗೆ, ಪರಿಶೀಲನೆಗಾಗಿ ದುಡ್ಡನ್ನು ನಮ್ಮ ಖಾತೆಗೆ ಹಾಕಿ, ನಿರ್ದೋಷಿ ಅಂತ ಆದಮೇಲೆ ವಾಪಸ್.

ಓದಿದವರು ಬೀಳುವುದಿಲ್ಲ ಅಂದುಕೊಳ್ಳಬೇಡಿ. 2025ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದಾಖಲಾದ ಒಂದು ಪ್ರಕರಣದಲ್ಲಿ ಸಾಫ್ಟ್‌ವೇರ್ ಕ್ಷೇತ್ರದ ಮಹಿಳೆಯೊಬ್ಬರು ಕಳೆದುಕೊಂಡದ್ದು 31 ಕೋಟಿ ರೂಪಾಯಿಗೂ ಹೆಚ್ಚು. ಅದು ಹೋದದ್ದು 187 ಸಲ, ತಿಂಗಳುಗಟ್ಟಲೆ. ಪ್ರತಿ ಸಲವೂ ಅವರೇ ಕಳಿಸಿದ್ದು. ಪ್ರಧಾನಿ ಮೋದಿ 2024ರ ಅಕ್ಟೋಬರ್ 27ರ ಮನದ ಮಾತಿನಲ್ಲೇ, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅಂತ ಒಂದು ಇಲ್ಲವೇ ಇಲ್ಲ ಅಂದಿದ್ದರು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು.

ಇದನ್ನೆಲ್ಲ ಅಮ್ಮನಿಗೆ ಹೇಳಿದಾಗ ಅವಳ ಪ್ರಶ್ನೆ ಒಂದೇ. "ಪೊಲೀಸ್ ಮಾತಾಡ್ತಿರುವಾಗ ಮಧ್ಯೆ ಹೆಂಗೋ ಕಟ್ ಮಾಡೋದು? ಮರ್ಯಾದೆ ಅಲ್ಲ ಅಲ್ವಾ?" ಅಲ್ಲೇ ಇರುವುದು ಗಂಟು. ನಮ್ಮ ಹಿರಿಯರಿಗೆ ಎದುರಿನವರು ಮಾತಾಡುತ್ತಿರುವಾಗ ಫೋನ್ ಇಡಲು ಬರುವುದಿಲ್ಲ. ಅದಕ್ಕೆ ಒಂದು ನೆಪ ಕೊಟ್ಟಿದ್ದೇನೆ: "ಒಲೆ ಮೇಲೆ ಹಾಲಿಟ್ಟಿದ್ದೀನಿ ಸಾರ್, ಉಕ್ಕುತ್ತೆ." ಅಷ್ಟು ಹೇಳು, ಕಟ್ ಮಾಡು, ನನಗೆ ಫೋನ್ ಮಾಡು. ಗೆಳೆಯನೊಬ್ಬನಿಂದ ಇನ್‌ಸ್ಪೆಕ್ಟರ್ ದನಿಯಲ್ಲಿ ಕರೆ ಮಾಡಿಸಿ ಅಭ್ಯಾಸವೂ ಮಾಡಿಸಿದೆ. ಮೊದಲ ಸಲ ಅಮ್ಮ ಆಧಾರ್ ನಂಬರಿನ ಅರ್ಧ ಹೇಳಿಬಿಟ್ಟಳು. ಎರಡನೇ ಸಲ ಹಾಲು ಉಕ್ಕಿತು.

ದನಿಯ ಮೋಸಕ್ಕೂ ಒಂದು ಉಪಾಯ ಬೇಕು. ಸ್ವಲ್ಪ ಹೊತ್ತಿನ ಆಡಿಯೊ ಸಿಕ್ಕರೆ ಸಾಕು, ಎಐ ನಿಮ್ಮ ದನಿಯಲ್ಲೇ "ಅಪ್ಪಾ, ಆಕ್ಸಿಡೆಂಟ್ ಆಗಿದೆ, ದುಡ್ಡು ಹಾಕಿ" ಅನ್ನಬಲ್ಲದು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಮಾರಿದ ಎಮ್ಮೆಯ ಹೆಸರು, ಅಜ್ಜಿ ಬೈಯುತ್ತಿದ್ದ ಬೈಗುಳ, ಏನಾದರೂ. ಫೇಸ್‌ಬುಕ್‌ನಲ್ಲಿ ಸಿಗುವಂಥದ್ದು ಬೇಡ. ನಮ್ಮನೆಯದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ ಬಿಡಿ.

ಗೋಡೆಗೆ ಒಂದು ಚೀಟಿ

ಕ್ಯಾಲೆಂಡರ್ ಪಕ್ಕ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ: 1930, ಬ್ಯಾಂಕಿನ ನಂಬರ್, ನಿಮ್ಮ ನಂಬರ್. ಫೋನಿನೊಳಗೆ ಸೇವ್ ಮಾಡಿದರೆ ಸಾಲದು. ಆ ಹೊತ್ತಿಗೆ ಫೋನೇ ಕೈಲಿ ಇಲ್ಲದಿರಬಹುದು.

ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ ಮೊದಲು 1930. ದೇಶಕ್ಕೆಲ್ಲ ಇದೇ ನಂಬರ್. ಠಾಣೆಗೆ ಹೋಗಿ ಕಾಯುತ್ತಾ ಕೂರುವುದು ಆಮೇಲೆ. ಕದ್ದ ದುಡ್ಡು ಒಂದು ಬಾಡಿಗೆ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಅದು ಎಟಿಎಂನಿಂದ ಹೊರಗೆ ಬರುವ ಮೊದಲು ಎಲ್ಲಿದೆಯೋ ಅಲ್ಲೇ ತಡೆಹಿಡಿಯುವುದು 1930ರ ಕೆಲಸ. (ಕಮಿಷನ್ ಆಸೆಗೆ ಖಾತೆ ಬಾಡಿಗೆಗೆ ಕೊಡುವ ಹುಡುಗರು ನಿಮ್ಮೂರಲ್ಲೂ ಇರಬಹುದು. ಪೊಲೀಸರು ಮೊದಲು ತಟ್ಟುವುದು ಅವರ ಮನೆ ಬಾಗಿಲನ್ನೇ ಅಂತ ತಿಳಿಸಿ.) ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ನಂಬರ್, ಎಷ್ಟು ಹೋಯಿತು, ಎಷ್ಟು ಹೊತ್ತಿಗೆ, ವ್ಯವಹಾರದ ನಂಬರ್ ಎದುರಿಗಿಟ್ಟುಕೊಳ್ಳಿ. ಯುಪಿಐ ಆದರೆ ಅದು 12 ಅಂಕಿ ಇರುತ್ತದೆ, ಆಪ್‌ನ ಹಿಸ್ಟರಿಯಲ್ಲಿ ಸಿಗುತ್ತದೆ. ಒಬ್ಬರು 1930ಗೆ ಮಾತಾಡುತ್ತಿರುವಾಗ ಇನ್ನೊಬ್ಬರು ಬ್ಯಾಂಕಿಗೆ ಮಾಡಲಿ.

ಬ್ಯಾಂಕಿಗೆ ಹೇಳಿದ ಹೊತ್ತು ಯಾಕೆ ಮುಖ್ಯ ಅಂದರೆ, ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಲೆಕ್ಕ ಹೀಗಿದೆ: ಒಟಿಪಿ, ಪಿನ್ ನಾವೇ ಕೊಟ್ಟು ಎಡವಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ನಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ನಡುವೆ ಎಲ್ಲೋ ಸೋರಿದೆ ಅಂದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ಹೇಳಿದವರಿಗೆ ಹೊಣೆ ಇಲ್ಲ. ಹಾಗಾಗಿ ಬಾಯಿಮಾತಿನಲ್ಲಿ ಬಿಡಬೇಡಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ.

ಅದೇ ದಿನ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರನ್ನು ಪೂರ್ತಿ ಮಾಡಿ. ಚಾಟ್, ಕರೆ, ಖಾತೆ ವಿವರಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ನಾಚಿಕೆಯಿಂದ ಚಾಟ್ ಅಳಿಸಿಬಿಡುವವರೇ ಜಾಸ್ತಿ, ಅದೇ ಸಾಕ್ಷಿ. ನಂತರ ನಿಮ್ಮ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ.

ಇಷ್ಟಾದ ಮೇಲೆ ಕೆಲವು ದಿನ ಬಿಟ್ಟು ಇನ್ನೊಂದು ಕರೆ ಬರಬಹುದು. ತುಂಬಾ ವಿನಯವಾಗಿ ಮಾತಾಡುತ್ತಾರೆ, ನಿಮ್ಮ ಹೆಸರು ಗೊತ್ತಿರುತ್ತದೆ, ಹೋದ ಮೊತ್ತ ಪೈಸೆ ಸಮೇತ ಗೊತ್ತಿರುತ್ತದೆ. ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಿಕೊಳ್ಳಲು ಸ್ವಲ್ಪ ಶುಲ್ಕ ಕಟ್ಟಿ ಅನ್ನುತ್ತಾರೆ. ಮೊತ್ತ ಅಷ್ಟು ಸರಿಯಾಗಿ ಇನ್ಯಾರಿಗೆ ಗೊತ್ತಿರಲು ಸಾಧ್ಯ? ಒಲೆ ಮೇಲೆ ಹಾಲಿದೆ ಅಂತ ಹೇಳಿ ಕಟ್ ಮಾಡಿ.